ಕನ್ನಡಿ ಹಾವು, ಉಂಬಳ ಮತ್ತು ಹೆಪ್ಪುಗಟ್ಟದ ನೆತ್ತರು

ಅಡಿಕೆ ಸುಲಿಯುವ ದಿನಗಳಲ್ಲಿ ಬಂಟ್ವಾಳ ಕಡೆಯ ತೋಟದ ಮನೆಗಳಿಗೆ ಹೋದರೆ ಒಂದಿಬ್ಬರ ಹೆಬ್ಬೆರಳಿಗಾದರೂ ಬಟ್ಟೆ ಸುತ್ತಿರುವುದು ಕಾಣುತ್ತದೆ. ಕತ್ತಿ ಜಾರಿತೆಂದು ಅಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬೇಲಿ ಬದಿಯ ಕಮ್ಯುನಿಸ್ಟ್ ಸೊಪ್ಪಿನ ನಾಲ್ಕು ಎಲೆ ಚಿವುಟಿ, ಅಂಗೈಯಲ್ಲಿ ಹೊಸಕಿ, ಹಸುರು ರಸವನ್ನು ಗಾಯದ ಮೇಲೆ ಹಿಂಡಿ, ಉಳಿದ ಚರಟವನ್ನೂ ಅಲ್ಲೇ ಇಟ್ಟು ಒತ್ತಿ ಹಿಡಿಯುತ್ತಾರೆ. ಐದು ನಿಮಿಷಕ್ಕೆ ರಕ್ತ ನಿಲ್ಲುತ್ತದೆ, ಕೆಲಸ ಮುಂದುವರಿಯುತ್ತದೆ.

ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಉಷ್ಣ ಸೀಮೆಯಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಕರಾವಳಿಯ ಗುಡ್ಡೆಗಳನ್ನೆಲ್ಲ ಹೇಳದೆ ಕೇಳದೆ ಆಕ್ರಮಿಸಿದ್ದಕ್ಕೆ ಕೇರಳದ ಕಡೆಯಿಂದ ಈ ರಾಜಕೀಯದ ಹೆಸರೂ ಅಂಟಿಕೊಂಡಿತು. ಆದರೆ ಗಾಯಕ್ಕೆ ಹಿಂಡುವ ರೂಢಿಯಲ್ಲಿ ಹುರುಳಿದೆ. ಥಾಯ್ಲೆಂಡ್, ವಿಯೆಟ್ನಾಂಗಳ ಹಳ್ಳಿಗರೂ ಇದನ್ನೇ ಮಾಡುತ್ತಾರೆ, ಈ ಎಲೆಯ ಸಾರ ರಕ್ತಸ್ರಾವವನ್ನು ಬೇಗ ನಿಲ್ಲಿಸುವುದನ್ನು ಥಾಯ್ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹಾಗಿದ್ದರೂ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಪುಣ್ಯ ಸಲ್ಲಬೇಕಾದದ್ದು ಆ ಒತ್ತಿ ಹಿಡಿದ ಹೆಬ್ಬೆರಳಿಗೆ. ಮಣ್ಣು ಹತ್ತಿದ ಎಲೆಯಿಂದ ಧನುರ್ವಾಯುವಿನ ಭಯವೂ ಇದೆಯಾದ್ದರಿಂದ ಟಿಟಿ ಚುಚ್ಚುಮದ್ದಿಗೆ ಸೊಪ್ಪು ಬದಲಿಯಾಗದು. ಸುಶ್ರುತ ಸಂಹಿತೆ ರಕ್ತ ನಿಲ್ಲಿಸಲು ನಾಲ್ಕು ಉಪಾಯ ಹೇಳಿದೆ: ಒಗರು ದ್ರವ್ಯದಿಂದ ಗಾಯ ಕೂಡಿಸುವ ಸಂಧಾನ, ತಂಪಿನಿಂದ ಗಟ್ಟಿಮಾಡುವ ಸ್ಕಂದನ, ಬೂದಿ ಹಾಕುವ ಪಾಚನ, ಕೊನೆಗೆ ಸುಟ್ಟು ಮುಚ್ಚುವ ದಹನ. ನಮ್ಮ ಅಜ್ಜಿಯರ ಅರಸಿನ ಹುಡಿ, ಕಾಫಿ ಹುಡಿ, ಒಲೆಯ ಬೂದಿ ಎಲ್ಲವೂ ಈ ನಾಲ್ಕರ ಆಚೀಚೆಯೇ ಸುಳಿಯುತ್ತವೆ.

ಆ ಐದು ನಿಮಿಷದಲ್ಲಿ ಚರ್ಮದಡಿ ಏನು ನಡೆಯುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಬಹುಪಾಲು ಕಲಿತದ್ದು ರಕ್ತ ಹೆಪ್ಪುಗಟ್ಟಲು ಬಿಡದವರಿಂದ. ರಕ್ತ ಹೀರುವ ಹುಳು, ಮಂಡಲದ ಹಾವು, ಹುಳಿತ ಮೇವು, ಇಲಿ ಪಾಷಾಣ. ಒಬ್ಬೊಬ್ಬರು ಒಂದೊಂದು ಕಡೆ ಕೈಯಿಟ್ಟು ಕೆಡಿಸಿದಾಗ, ಅಲ್ಲೊಂದು ಕೀಲು ಇತ್ತೆಂದು ಗೊತ್ತಾಯಿತು. ಸೋಜಿಗವೆಂದರೆ ಈ ಕೆಡುಕರಲ್ಲಿ ಹೆಚ್ಚಿನವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟ, ಗುಡ್ಡೆ, ಘಾಟಿಗಳಲ್ಲೇ ಬಿಡಾರ ಹೂಡಿದ್ದಾರೆ.

ಮೊದಲು, ಕೆಡದೆ ನಡೆದಾಗ ನಡೆಯುವುದೇನು? ರಕ್ತನಾಳ ಕತ್ತರಿಸಿದ ಕೂಡಲೇ ಅದರ ಗೋಡೆಯ ಸ್ನಾಯು ಮುದುಡಿ ದಾರಿ ಕಿರಿದಾಗುತ್ತದೆ. ನಾಳದ ಒಳಮೈ ಹರಿದಲ್ಲಿ ಅಡಿಯ ಕೊಲಾಜೆನ್ ನಾರು ತೆರೆದುಕೊಳ್ಳುತ್ತದೆ. ಓಡುತ್ತಿರುವ ರಕ್ತದಿಂದ ಪ್ಲೇಟ್‌ಲೆಟ್‌ಗಳನ್ನು ಹಿಡಿದು ಆ ನಾರಿಗೆ ಕಟ್ಟಿಹಾಕುವುದು ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನ್. ಫಿನ್‌ಲೆಂಡ್‌ನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಾಂಡ್ ದ್ವೀಪದ ಒಂದು ಕುಟುಂಬದ ರಕ್ತಸ್ರಾವದ ಕಾಯಿಲೆಯನ್ನು ವಿವರಿಸಿದ್ದರಿಂದ ಅದಕ್ಕೆ ಆ ಹೆಸರು. ಪ್ಲೇಟ್‌ಲೆಟ್ ಎಂದರೆ ಎರಡು ಮೂರು ಮೈಕ್ರೋಮೀಟರ್ ಅಗಲದ, ನ್ಯೂಕ್ಲಿಯಸ್ ಇಲ್ಲದ ಕಣ. ಎಲುಬಿನ ಮಜ್ಜೆಯ ದೈತ್ಯ ಜೀವಕೋಶಗಳಿಂದ ಹರಿದು ಬೀಳುತ್ತದೆ, ಹೆಚ್ಚೆಂದರೆ ಹತ್ತು ದಿನ ಬದುಕುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಅಂಟಿಕೊಂಡ ಪ್ಲೇಟ್‌ಲೆಟ್ ಚಪ್ಪಟೆಯಾಗಿ ಕೈಕಾಲು ಚಾಚಿ, ತನ್ನೊಳಗಿನ ರಾಸಾಯನಿಕಗಳನ್ನು ಹೊರಚೆಲ್ಲಿ ಉಳಿದವನ್ನು ಕರೆಯುತ್ತದೆ. ಆ ಕರೆಗಳಲ್ಲೊಂದನ್ನು ಆಸ್ಪಿರಿನ್ ಅಡಗಿಸುತ್ತದೆ. ನ್ಯೂಕ್ಲಿಯಸ್ ಇಲ್ಲದ ಕಾರಣ ಪ್ಲೇಟ್‌ಲೆಟ್ ಆ ರಾಸಾಯನಿಕವನ್ನು ಮತ್ತೆ ತಯಾರಿಸಲಾರದು, ಹಾಗಾಗಿ ಹೃದಯದ ಕಾಯಿಲೆಯವರು ದಿನಕ್ಕೆ ನುಂಗುವ ಒಂದು ಚಿಕ್ಕ ಮಾತ್ರೆ ಸಾಕಾಗುತ್ತದೆ.

ಇಷ್ಟಕ್ಕೆ ಒಂದು ಸಡಿಲ ಬೆಣೆ ಸಿದ್ಧ. ಅದನ್ನು ಬಿಗಿಯುವುದು ಫೈಬ್ರಿನ್ ಎಂಬ ನಾರಿನ ಬಲೆ. ನಾಳದ ಹೊರಗಿನ ಅಂಗಾಂಶದಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇದೆ. ಸಾಮಾನ್ಯವಾಗಿ ರಕ್ತಕ್ಕೂ ಅದಕ್ಕೂ ಭೇಟಿಯಿಲ್ಲ. ಗಾಯವಾದಾಗ ಅದು ರಕ್ತದಲ್ಲಿನ, ಅಂಕೆಯಿಂದ ಕರೆಸಿಕೊಳ್ಳುವ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಏಳನೇ ಫ್ಯಾಕ್ಟರನ್ನು ಸೇರುತ್ತದೆ, ಇಬ್ಬರೂ ಸೇರಿ ಹತ್ತನೆಯದನ್ನು ಎಬ್ಬಿಸುತ್ತಾರೆ, ಹತ್ತನೆಯದು ಐದನೆಯದರ ನೆರವಿನಿಂದ ಥ್ರಾಂಬಿನ್ ಎಂಬ ಕಿಣ್ವವನ್ನು ಮಾಡುತ್ತದೆ. ಥ್ರಾಂಬಿನ್ ಯಜಮಾನ. ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ ಅನ್ನು ಕತ್ತರಿಸಿ ನಾರಾಗಿಸುವುದೂ ಅದೇ, ಹಿಂದೆ ತಿರುಗಿ ಐದು, ಎಂಟು, ಹನ್ನೊಂದನೆಯ ಫ್ಯಾಕ್ಟರುಗಳನ್ನು ಕೆಣಕಿ ತನ್ನ ಉತ್ಪಾದನೆಯನ್ನು ತಾನೇ ನೂರ್ಮಡಿ ಮಾಡಿಕೊಳ್ಳುವುದೂ ಅದೇ. ಹದಿಮೂರನೆಯದು ಬಂದು ನಾರುಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಇದೆಲ್ಲ ನಡೆಯುವುದು ಪ್ಲೇಟ್‌ಲೆಟ್‌ನ ಮೈಮೇಲೆ, ಅಂದರೆ ಗಾಯವಿರುವಲ್ಲಿ ಮಾತ್ರ. ದಾರಿ ತಪ್ಪಿ ಮುಂದೆ ಹರಿದ ಥ್ರಾಂಬಿನ್ ಅನ್ನು ಹಿಡಿದು ಸುಮ್ಮನಾಗಿಸಲು ಆಂಟಿಥ್ರಾಂಬಿನ್ ಕಾವಲಿದೆ. ಗಾಯ ಮಾಗತೊಡಗಿದ ಮೇಲೆ ಪ್ಲಾಸ್ಮಿನ್ ಬಂದು ಬಲೆಯನ್ನು ಕರಗಿಸುತ್ತದೆ.

ಪ್ರಾಣಿಗೆ ಮಾತ್ರ ಈ ವಿದ್ಯೆ ಗೊತ್ತು ಎಂದುಕೊಂಡವರು ಬೆಳ್ತಂಗಡಿಯ ರಬ್ಬರ್ ತೋಟವೊಂದಕ್ಕೆ ಬೆಳಗಿನ ಜಾವ ಹೋಗಬೇಕು. ಟ್ಯಾಪಿಂಗ್ ಮಾಡುವವರು ತೊಗಟೆಯನ್ನು ತೆಳುವಾಗಿ ಕೊರೆಯುತ್ತಾರೆ, ಹಾಲು ಗೆರಟೆಗೆ ತೊಟ್ಟಿಕ್ಕುತ್ತದೆ, ಕೆಲವು ಗಂಟೆಯಲ್ಲಿ ತಾನಾಗಿ ನಿಲ್ಲುತ್ತದೆ. ಹಾಲಿನ ನಾಳಗಳೊಳಗೆ ಲ್ಯುಟಾಯ್ಡ್ ಎಂಬ ಸೂಕ್ಷ್ಮ ಚೀಲಗಳಿವೆ. ಗಾಯವಾದಾಗ ಅವು ಒಡೆಯುತ್ತವೆ, ಒಳಗಿದ್ದ ಹೆವೀನ್ ಎಂಬ ಪ್ರೋಟೀನ್ ರಬ್ಬರ್ ಕಣಗಳನ್ನು ಒಂದಕ್ಕೊಂದು ಅಂಟಿಸಿ ನಾಳದ ಬಾಯಿ ಮುಚ್ಚುತ್ತದೆ. ಹರಿಯುವ ದ್ರವದೊಳಗೇ ಮುಚ್ಚಳದ ಸಾಮಗ್ರಿಯನ್ನು ಚೀಲದಲ್ಲಿ ಕಟ್ಟಿಟ್ಟು, ಗಾಯವಾದಲ್ಲಿ ಮಾತ್ರ ಒಡೆಯುವ ಈ ಏರ್ಪಾಡು ಪ್ಲೇಟ್‌ಲೆಟ್‌ನದೇ. ಮರ ಮುಚ್ಚಿಕೊಂಡದ್ದನ್ನು ಮುಂದಿನ ಟ್ಯಾಪಿಂಗ್‌ನಲ್ಲಿ ನಾವು ಕಿತ್ತೆಸೆದು ಮತ್ತೆ ಕೊರೆಯುತ್ತೇವೆ. ಹಾಲು ಬೇಗ ನಿಲ್ಲಬಾರದೆಂದು ಎಥೆಫಾನ್ ಹಚ್ಚುವುದೂ ಉಂಟು. ಆಗ ಕೆಡುಕರ ಪಟ್ಟಿಯಲ್ಲಿ ನಾವೂ ಸೇರಿದಂತಾಯಿತು.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಕಾರಿನಿಂದ ಇಳಿದು ಫೋಟೋ ತೆಗೆದವರಿಗೂ, ಬಂಡಾಜೆ ಅರ್ಬಿಗೆ ಚಾರಣ ಹೋದವರಿಗೂ ಉಂಬಳದ ಪರಿಚಯ ಹೇಳಬೇಕಿಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಲುಚೀಲ ಕೆಂಪಾದ ಮೇಲೆ, ಆಗ ಅದು ಹೊಟ್ಟೆ ತುಂಬಿ ಉದುರಿ ಹೋಗಿರುತ್ತದೆ. ಸಣ್ಣ ಚುಕ್ಕೆಯಷ್ಟು ಗಾಯದಿಂದ ಗಂಟೆಗಟ್ಟಲೆ ರಕ್ತ ಜಿನುಗುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಉಂಬಳವನ್ನು ಬಿಡಿಸುತ್ತವೆ, ಅದರ ಎಂಜಲನ್ನಲ್ಲ. ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ 1884ರಲ್ಲಿ ಕೆರೆಯ ಔಷಧಿ ಜಿಗಣೆಯ ತಲೆಯ ಭಾಗದಿಂದ ತೆಗೆದ ರಸ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ ಎಂದು ತೋರಿಸಿದರು. ಅದರೊಳಗಿನ ಹಿರುಡಿನ್ ನೇರವಾಗಿ ಥ್ರಾಂಬಿನ್‌ನ ಬಾಯಿಗೇ ಬೀಗ ಹಾಕುತ್ತದೆ. ನೆಲದ ಮೇಲೆ ಬದುಕುವ ಭಾರತದ ಉಂಬಳದಿಂದ ಹೀಮಾಡಿನ್ ಎಂಬ ಇನ್ನೊಂದು ಬೀಗ ಸಿಕ್ಕಿದೆ. ಜರ್ಮನಿಯ ಗೀಸೆನ್‌ನಲ್ಲಿ ಗೆಯೋರ್ಗ್ ಹಾಸ್ 1924ರಲ್ಲಿ ಮನುಷ್ಯನಿಗೆ ಮೊದಲ ಡಯಾಲಿಸಿಸ್ ಮಾಡಿದಾಗ ಕೊಳವೆಯಲ್ಲಿ ರಕ್ತ ಗಟ್ಟಿಯಾಗದಂತೆ ನೋಡಿಕೊಂಡದ್ದು ಇದೇ ಹಿರುಡಿನ್. ಹೃದಯದ ನಾಳಕ್ಕೆ ಸ್ಟೆಂಟ್ ಹಾಕುವಾಗ ಬಳಸುವ ಬೈವಲಿರುಡಿನ್ ಔಷಧದ ಮಾದರಿಯೂ ಜಿಗಣೆಯ ಎಂಜಲೇ.

ಉಂಬಳ ಒಂದು ಬೀಗ ಹಾಕಿ ಊಟ ಮುಗಿಸಿ ಹೋಗುತ್ತದೆ. ಕನ್ನಡಿ ಹಾವಿನ ದಾರಿ ಬೇರೆ.

ಕೊಳಕು ಮಂಡಲವೆಂದೂ ಕರೆಸಿಕೊಳ್ಳುವ ಈ ಹಾವಿಗೆ ಹುಲ್ಲು, ಒಣ ಸೋಗೆ, ಕಲ್ಲಿನ ಸಂದು ಇಷ್ಟ. ಮೂಡುಬಿದಿರೆಯ ಮುರಕಲ್ಲಿನ ಪದವಿನಲ್ಲಿ ಹುಲ್ಲು ಹೆರೆಯುವವರು, ಮುಸ್ಸಂಜೆ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವವರು ಅದರ ದಾರಿಗೆ ಅಡ್ಡ ಬರುತ್ತಾರೆ. ಕಚ್ಚಿಸಿಕೊಂಡವರ ಒಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದಲ್ಲಿ ರಕ್ತ ಹರಿಯುತ್ತದೆ. ಹಾಗಾಗಿ ವಿಷ ರಕ್ತವನ್ನು ನೀರಾಗಿಸುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಒಳಗೆ ನಡೆಯುವುದು ಇದಕ್ಕೆ ಉಲ್ಟಾ. ವಿಷದಲ್ಲಿನ ಎರಡು ಕಿಣ್ವಗಳಲ್ಲಿ ಒಂದು ಹತ್ತನೆಯ ಫ್ಯಾಕ್ಟರನ್ನೂ ಇನ್ನೊಂದು ಐದನೆಯದನ್ನೂ ನೇರವಾಗಿ ಎಬ್ಬಿಸುತ್ತವೆ. ಗಾಯವಿಲ್ಲ, ಪ್ಲೇಟ್‌ಲೆಟ್‌ನ ಜಗಲಿಯಿಲ್ಲ, ಇಡೀ ರಕ್ತದಲ್ಲಿ ಒಮ್ಮೆಲೇ ಥ್ರಾಂಬಿನ್ ಹುಟ್ಟುತ್ತದೆ. ಡೆಸಿಲೀಟರ್‌ಗೆ 200ರಿಂದ 400 ಮಿಲಿಗ್ರಾಂ ಇರಬೇಕಾದ ಫೈಬ್ರಿನೊಜೆನ್ ಕಂಡಕಂಡಲ್ಲಿ ಪುಡಿ ನಾರಾಗಿ ಖರ್ಚಾಗಿಹೋಗುತ್ತದೆ. ಆಮೇಲೆ ನಿಜವಾದ ಗಾಯಕ್ಕೆ ಕೊಡಲು ಏನೂ ಉಳಿದಿರುವುದಿಲ್ಲ. ರಕ್ತ ಹೆಪ್ಪುಗಟ್ಟದಿರುವುದು ಅತಿಯಾಗಿ ಹೆಪ್ಪುಗಟ್ಟಿಸಿದ್ದರ ಫಲ.

ಇದನ್ನು ಪತ್ತೆಮಾಡಲು ದೊಡ್ಡ ಯಂತ್ರ ಬೇಡ. ತೊಳೆದು ಒಣಗಿಸಿದ ಒಂದು ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಓರೆ ಮಾಡಿ ನೋಡುವುದು. ಗಟ್ಟಿಯಾಗದೆ ಹರಿದರೆ ಮಂಡಲದ ವಿಷ ಕೆಲಸ ಮಾಡಿದೆ ಎಂದು ಅರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಈ ಪರೀಕ್ಷೆಯ ಮೇಲೆ ಆ್ಯಂಟಿವೆನಮ್ ಕೊಡುವ ನಿರ್ಧಾರ ನಿಂತಿರುತ್ತದೆ. ನಳಿಗೆ ಗಾಜಿನದೇ ಆಗಬೇಕು. ಪ್ಲಾಸ್ಟಿಕ್ ಆದರೆ, ಇಲ್ಲವೇ ಸಾಬೂನಿನ ಅಂಶ ಉಳಿದಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಗಾಜಿನ ಮೇಲ್ಮೈ ಹನ್ನೆರಡನೆಯ ಫ್ಯಾಕ್ಟರನ್ನು ಎಬ್ಬಿಸುವುದರಿಂದಲೇ ಈ ಪರೀಕ್ಷೆ ನಡೆಯುವುದು. ಈ ಹನ್ನೆರಡನೆಯದರ ಕತೆ ವಿಚಿತ್ರ. ಅಮೆರಿಕದ ರೈಲ್ವೆ ನೌಕರ ಜಾನ್ ಹೇಗ್‌ಮನ್ ಎಂಬವರ ರಕ್ತ ಗಾಜಿನಲ್ಲಿ ಗಟ್ಟಿಯಾಗುತ್ತಲೇ ಇರಲಿಲ್ಲ, ಅವರಲ್ಲಿ ಆ ಫ್ಯಾಕ್ಟರೇ ಇಲ್ಲವೆಂದು 1955ರಲ್ಲಿ ವರದಿಯಾಯಿತು. ಆದರೆ ಗಾಯವಾದರೆ ಅವರಿಗೆ ಎಲ್ಲರಂತೆ ರಕ್ತ ನಿಲ್ಲುತ್ತಿತ್ತು. ಕೊನೆಗೆ 1968ರಲ್ಲಿ ಅವರು ತೀರಿಕೊಂಡದ್ದು ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ! ಗಾಯ ಮುಚ್ಚಲು ದೇಹಕ್ಕೆ ಬೇಡವೇ ಬೇಡವಾದ ದಾರಿಯೊಂದನ್ನು ಹಿಡಿದು ನಮ್ಮ ಹಾವು ಕಡಿತದ ಪರೀಕ್ಷೆ ನಡೆಯುತ್ತಿದೆ, ಮತ್ತು ನೂರಾರು ಜೀವ ಉಳಿಸುತ್ತಿದೆ.

ಒಳಗಿನ ಈ ಲೆಕ್ಕ ತಿಳಿದರೆ ಮಾಡಬಾರದ್ದು ತಾನಾಗಿ ತಿಳಿಯುತ್ತದೆ. ಕಚ್ಚಿದಲ್ಲಿ ಬ್ಲೇಡಿನಿಂದ ಕೊಯ್ದು ವಿಷ ಹರಿಸುವುದು ಈಗಲೂ ಕೆಲವೆಡೆ ಇದೆ. ಫೈಬ್ರಿನೊಜೆನ್ ಬರಿದಾದ ಮೈಗೆ ಕೊಯ್ದ ಗಾಯವನ್ನು ಮುಚ್ಚುವುದು ಹೇಗೆ ಸಾಧ್ಯ? ಬಿಗಿಯಾಗಿ ಹಗ್ಗ ಕಟ್ಟಿದರೆ ವಿಷ ಅಲ್ಲೇ ಸಾಂದ್ರವಾಗಿ ಕಾಲಿನ ಮಾಂಸ ಕೊಳೆಯುತ್ತದೆ. ಕಾಲು ಅಲುಗಿಸದಂತೆ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಚಾರ್ಮಾಡಿ, ನೆರಿಯ, ಶಿಶಿಲದಂಥ ಘಾಟಿ ಬುಡದ ಊರುಗಳಿಂದ ಬೆಳ್ತಂಗಡಿಗೆ, ಬೇಕಾದರೆ ಅಲ್ಲಿಂದ ಮುಂದೆ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ. ಆ್ಯಂಟಿವೆನಮ್ ವಿಷವನ್ನು ಹಿಡಿದುಹಾಕುತ್ತದೆಯೇ ವಿನಾ ರಕ್ತವನ್ನು ತಾನಾಗಿ ಗಟ್ಟಿಮಾಡುವುದಿಲ್ಲ. ಖಾಲಿಯಾದ ಫೈಬ್ರಿನೊಜೆನ್ ಅನ್ನು ಯಕೃತ್ತು ಹೊಸದಾಗಿ ಮಾಡಬೇಕು, ಅದಕ್ಕೇ ವೈದ್ಯರು ಆರು ಗಂಟೆ ಬಿಟ್ಟು ಮತ್ತೆ ನಳಿಗೆ ಪರೀಕ್ಷೆ ಮಾಡುವುದು. ಇನ್ನೊಂದು ಕೊರತೆಯನ್ನೂ ಹೇಳಬೇಕು. ಮೂತಿ ಮೇಲಕ್ಕೆ ಸೊಟ್ಟಗಿರುವ, ಒಣ ಎಲೆಯ ಬಣ್ಣದ ಪುಟ್ಟ ಗುಳಿಮಂಡಲ ನಮ್ಮ ತೋಟಗಳಲ್ಲೂ ಕಾಡಂಚಿನಲ್ಲೂ ಇದೆ. ಅದು ಕಚ್ಚಿದರೂ ಕೆಲವರ ರಕ್ತ ಹೆಪ್ಪುಗಟ್ಟುವುದಿಲ್ಲ, ಮೂತ್ರಪಿಂಡ ಕೆಡುತ್ತದೆ, ಆದರೆ ನಾಗರ, ಕಟ್ಟು, ಮಂಡಲ, ಗರಗಸ ಮಂಡಲಗಳ ವಿರುದ್ಧ ತಯಾರಿಸಿದ ನಮ್ಮ ಆ್ಯಂಟಿವೆನಮ್ ಅದಕ್ಕೆ ನಾಟುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಯಾವ ಹಾವು ಎಲ್ಲಿ ಎಷ್ಟು ಎಂಬ ಲೆಕ್ಕ ಇನ್ನಾದರೂ ಸರಿಯಾದೀತು.

ಕನ್ನಡಿ ಹಾವಿನ ವಿಷವೇ ಒಮ್ಮೆ ಮದ್ದಾಗಿತ್ತು. ಇಂಗ್ಲೆಂಡಿನ ಆರ್.ಜಿ. ಮೆಕ್‌ಫರ್ಲೇನ್ 1934ರಲ್ಲಿ, ಲಂಡನ್ ಮೃಗಾಲಯದ ಬರ್ಜೆಸ್ ಬಾರ್ನೆಟ್ ಜೊತೆ ಸೇರಿ, ನಾನಾ ಹಾವುಗಳ ವಿಷವನ್ನು ಹಿಮೋಫಿಲಿಯಾ ರೋಗಿಗಳ ರಕ್ತಕ್ಕೆ ಬೆರೆಸಿ ನೋಡಿದರು. ಹುಟ್ಟಿನಿಂದಲೇ ಎಂಟನೆಯ ಇಲ್ಲವೇ ಒಂಬತ್ತನೆಯ ಫ್ಯಾಕ್ಟರ್ ಇಲ್ಲದ ಕಾಯಿಲೆ ಅದು. ಕನ್ನಡಿ ಹಾವಿನ ವಿಷ ಬಹಳ ತೆಳುವಾಗಿಸಿದರೂ ರಕ್ತವನ್ನು ಕ್ಷಣದಲ್ಲಿ ಗಟ್ಟಿಮಾಡಿತು. ಹಲ್ಲು ಕಿತ್ತ ಜಾಗಕ್ಕೆ ಅದನ್ನು ಹಚ್ಚಿ ರಕ್ತ ನಿಲ್ಲಿಸಿದರು, ಸ್ಟಿಪ್‌ವೆನ್ ಎಂಬ ಹೆಸರಿನಲ್ಲಿ ಅದು ಮಾರಾಟವೂ ಆಯಿತು. ಇಲ್ಲದ ಎಂಟು ಒಂಬತ್ತನ್ನು ಹಾರಿ ವಿಷ ನೇರ ಹತ್ತಕ್ಕೇ ಕೈ ಹಾಕುತ್ತದೆ ಎಂಬುದು ಆಮೇಲೆ ಬಿಡಿಸಿಕೊಂಡ ಒಗಟು. ಮುಂದೆ 1964ರಲ್ಲಿ ಫ್ಯಾಕ್ಟರುಗಳ ಸರಣಿಯನ್ನು ಒಂದರ ಕೆಳಗೊಂದು ಜೋಡಿಸಿ ಪ್ರಕಟಿಸಿದವರಲ್ಲಿ ಅದೇ ಮೆಕ್‌ಫರ್ಲೇನ್ ಒಬ್ಬರು. ಇಂದಿಗೂ ದೊಡ್ಡ ಪ್ರಯೋಗಾಲಯಗಳಲ್ಲಿ, ಪದೇ ಪದೇ ಗರ್ಭಪಾತವಾಗುವ ಕೆಲವು ಮಹಿಳೆಯರ ರಕ್ತವನ್ನು ಕನ್ನಡಿ ಹಾವಿನ ತೆಳುವಾಗಿಸಿದ ವಿಷದಿಂದ ಪರೀಕ್ಷಿಸುತ್ತಾರೆ. ಹಿಮೋಫಿಲಿಯಾಕ್ಕೆ ಈಗ ಹಾವು ಬೇಡ, ಫ್ಯಾಕ್ಟರನ್ನೇ ಚುಚ್ಚುತ್ತಾರೆ. ಸ್ವತಃ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಈ ರೋಗಿಗಳಿಗಾಗಿ ಕಟ್ಟಿದ ಸಂಸ್ಥೆಯ ಕತೆಗೆ ಬೇರೆಯೇ ಲೇಖನ ಬೇಕು.

ಬೆಳ್ತಂಗಡಿಯ ಹಿರಿಯರಿಗೆ ರಕ್ತಸ್ರಾವ ಎಂದರೆ ಮೊದಲು ನೆನಪಾಗುವುದು ಹಾವಲ್ಲ, ಮಂಗನ ಕಾಯಿಲೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ವೈರಸ್, ಉಣುಗಿನ ಮೂಲಕ ಹರಡುವಂಥದ್ದು. ನಿಡ್ಲೆ, ಪಟ್ರಮೆ ಕಡೆಯ ಕಾಡನ್ನು ಗೇರು ನೆಡಲು ಕಡಿದ ಬೆನ್ನಿಗೇ 1982-83ರಲ್ಲಿ ಅದು ಇಲ್ಲಿ ಸ್ಫೋಟಿಸಿತು. ಒಂದೂವರೆ ಸಾವಿರದಷ್ಟು ಜನ ಮಲಗಿದರು, ಸುಮಾರು 150 ಮಂದಿ ಸತ್ತರು. ಜ್ವರ, ಮೈಕೈ ನೋವು, ಆಮೇಲೆ ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ. ಇಲ್ಲಿ ಕುಸಿಯುವುದು ಪ್ಲೇಟ್‌ಲೆಟ್ ಸಂಖ್ಯೆ. ಡೆಂಗಿಯಲ್ಲೂ ಹಾಗೆಯೇ, ಮತ್ತು ಅದರ ಸೊಳ್ಳೆಗೆ ರಬ್ಬರ್ ತೋಟದ ಗೆರಟೆಯಲ್ಲಿ ನಿಂತ ಮಳೆನೀರು ಹೇಳಿಮಾಡಿಸಿದ ತೊಟ್ಟಿಲು. ಮಳೆಗಾಲದಲ್ಲಿ ಟ್ಯಾಪಿಂಗ್ ಇಲ್ಲದಾಗ ಗೆರಟೆ ಕವುಚಿ ಹಾಕಿ ಎಂದು ಆರೋಗ್ಯ ಇಲಾಖೆಯವರು ಬೇಡಿಕೊಳ್ಳುವುದು ಅದಕ್ಕೆ. ಡೆಂಗಿಯಾದರೆ ಮನೆಯವರೆಲ್ಲ ಕೌಂಟ್ ಎಷ್ಟಾಯಿತು ಎಂದು ಶೇರುಪೇಟೆಯ ಹಾಗೆ ವಿಚಾರಿಸುತ್ತ ಕೂರುತ್ತಾರೆ. ಆದರೆ ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ನಾಳಗಳಿಂದ ಪ್ಲಾಸ್ಮಾ ಸೋರಿಹೋಗುವುದು. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾಗುವ ಕೈಕಾಲು ಸಂಖ್ಯೆಗಿಂತ ದೊಡ್ಡ ಎಚ್ಚರಿಕೆ. ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಿಸಿದರೆ ಉಳಿದ ಪ್ಲೇಟ್‌ಲೆಟ್‌ಗಳ ಬಾಯನ್ನೂ ಕಟ್ಟಿದಂತೆ.

ಕೊನೆಯ ಕೆಡುಕನನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರವಿದೆ. ಅಡಿಕೆ, ಕೊಕ್ಕೊ ಬೆಳೆಗಾರರಿಗೆಲ್ಲ ಗೊತ್ತಿರುವ ಸಂಸ್ಥೆ. ಕೊಕ್ಕೊ ಕಾಯಿ ಕೊರೆಯುವ ಇಲಿಗೆ ಸಂಸ್ಥೆ ಹೇಳುವ ಮದ್ದು ಶೇ 0.005ರ ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆ. ತಿಂದ ಇಲಿ ಅಲ್ಲೇ ಸಾಯುವುದಿಲ್ಲ, ಕೆಲವು ದಿನ ಬಿಟ್ಟು ಒಳಗೊಳಗೆ ರಕ್ತ ಸೋರಿ ಸಾಯುತ್ತದೆ. ಈ ಬಿಲ್ಲೆಯ ವಂಶಾವಳಿ ಅಮೆರಿಕದ ಹಟ್ಟಿಯೊಂದರಲ್ಲಿ ಶುರುವಾಗುತ್ತದೆ. 1920ರ ದಶಕದಲ್ಲಿ ಅಲ್ಲಿಯೂ ಕೆನಡಾದಲ್ಲಿಯೂ ಹುಳಿತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಕೊಂಬು ಕತ್ತರಿಸಿದರೂ ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್‌ನ ರೈತ ಎಡ್ ಕಾರ್ಲ್‌ಸನ್ 1933ರ ಹಿಮಗಾಳಿಯಲ್ಲಿ ಸತ್ತ ಕಡಸನ್ನೂ, ಒಂದು ಹಾಲಿನ ಕ್ಯಾನ್ ತುಂಬ ಗಟ್ಟಿಯಾಗದ ರಕ್ತವನ್ನೂ, ಆ ಹುಲ್ಲನ್ನೂ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದರು. ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆರು ವರ್ಷ ತಿಣುಕಿ 1939ರಲ್ಲಿ ಹುಲ್ಲಿನಿಂದ ಡೈಕುಮರಾಲ್ ಬೇರ್ಪಡಿಸಿದರು. ಅದರ ತಮ್ಮ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು, ಕೆಲವೇ ವರ್ಷದಲ್ಲಿ ಮನುಷ್ಯರ ಮಾತ್ರೆಯೂ ಆಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1955ರ ಹೃದಯಾಘಾತದ ಬಳಿಕ ಅದನ್ನು ನುಂಗಿದವರೇ.

ಇವೆಲ್ಲ ಕೈಯಿಡುವುದು ವಿಟಮಿನ್ ಕೆ ಮೇಲೆ. ಯಕೃತ್ತು ಎರಡು, ಏಳು, ಒಂಬತ್ತು, ಹತ್ತನೆಯ ಫ್ಯಾಕ್ಟರುಗಳನ್ನು ಸಾಣೆ ಹಿಡಿದು ಕಳಿಸಲು ಆ ವಿಟಮಿನ್ ಬೇಕು. ಅದು ಸಿಗದಂತೆ ಮಾಡಿದರೆ ಮೊಂಡು ಫ್ಯಾಕ್ಟರುಗಳು ಹೊರಬೀಳುತ್ತವೆ. ಆದರೆ ಮೊದಲೇ ರಕ್ತದಲ್ಲಿದ್ದವು ಮುಗಿಯುವ ತನಕ ಏನೂ ಕಾಣುವುದಿಲ್ಲ. ಆದ್ದರಿಂದ ಮಗು ಇಲಿ ಬಿಲ್ಲೆ ಕಚ್ಚಿತೆಂದರೆ, ಚೆನ್ನಾಗಿಯೇ ಆಡುತ್ತಿದೆಯಲ್ಲ ಎಂದು ಸುಮ್ಮನಿರಬಾರದು. ಪೊಟ್ಟಣದ ಸಮೇತ ಆಸ್ಪತ್ರೆಗೆ ಒಯ್ದರೆ ವಿಟಮಿನ್ ಕೆ ಎಂಬ ಸರಿಯಾದ ಪ್ರತಿಮದ್ದಿದೆ.

ಅದೇ ವಿಟಮಿನ್ ಹೃದಯದ ಕವಾಟ ಬದಲಿಸಿಕೊಂಡವರಿಗೆ ತಲೆನೋವು. ಲೋಹದ ಕವಾಟದ ಮೇಲೆ ರಕ್ತ ಗಡ್ಡೆಕಟ್ಟದಂತೆ ಅವರು ಬದುಕಿಡೀ ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗಬೇಕು, ಐಎನ್‌ಆರ್ ಎಂಬ ಪರೀಕ್ಷೆ ಮಾಡಿಸುತ್ತ ರಕ್ತದ ಹದ ಸುಮಾರು ಎರಡೂವರೆ, ಮೂರರ ಆಸುಪಾಸಿನಲ್ಲಿ ಉಳಿಸಿಕೊಳ್ಳಬೇಕು. ವರ್ಷವಿಡೀ ಸಾರು ಅನ್ನದಲ್ಲಿ ನೆಟ್ಟಗಿದ್ದ ಲೆಕ್ಕ ಮಳೆಗಾಲದ ತುಳು ತಿಂಗಳು ಆಟಿಯಲ್ಲಿ ತಪ್ಪಬಹುದು. ಆಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿನ ಅಡುಗೆಮನೆಯಲ್ಲಿ ಕೆಸುವಿನೆಲೆಯ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಬಸಳೆ. ಹಸುರೆಲೆ ಎಂದರೆ ವಿಟಮಿನ್ ಕೆಯ ಉಗ್ರಾಣ, ಅದು ಮಾತ್ರೆಯ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹಾಗೆಂದು ಸೊಪ್ಪು ಬಿಟ್ಟೇಬಿಡಿ ಎಂದು ಯಾವ ಒಳ್ಳೆಯ ವೈದ್ಯರೂ ಹೇಳಲಾರರು. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ ಎನ್ನುತ್ತಾರೆ. ಆಟಿಯಲ್ಲಿ ಐಎನ್‌ಆರ್ ಇಳಿದಿದ್ದರೆ, ಮಾತ್ರೆ ಹೆಚ್ಚಿಸುವ ಚೀಟಿ ಬರೆಯುವ ಮೊದಲೇ ಅವರಿಗೆ ಪತ್ರೊಡೆಯ ಸಂಗತಿ ಹೇಳಿಬಿಡಬೇಕು. ಮುಂದಿನ ತಿಂಗಳಾದ ಸೋಣದಲ್ಲಿ ಪತ್ರೊಡೆ ನಿಂತು ಹೆಚ್ಚಿಸಿದ ಮಾತ್ರೆ ಮಾತ್ರ ಉಳಿದರೆ, ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರತೊಡಗುತ್ತದೆ.